ಯುರೋಪಿಯಂ ಬೆರೆತ ಯಟ್ರಿಯಾ: ಕೆಂಪು ಫಾಸ್ಫರ್ ತಯಾರಿಕೆ ಎಲ್ಲಿಗೆ ಬಂತು

ಗುರಿ ಒಂದೇ: ಅತಿನೇರಳೆ ಬೆಳಕು ಬಿದ್ದಾಗ 611 ನ್ಯಾನೊಮೀಟರಿನಲ್ಲಿ ಬೆಳಗುವ ಅಪ್ಪಟ ಕೆಂಪು ಪುಡಿ (ಫಾಸ್ಫರ್). ಬಣ್ಣದ ಟಿ.ವಿ.ಗಳ ಕೆಂಪು ಮೊದಲು ಮಂಕಾಗಿತ್ತು. 1964ರಲ್ಲಿ ಯುರೋಪಿಯಂ ಸೇರಿಸಿದ ಯಟ್ರಿಯಂ ವನಾಡೇಟ್ ಬಂದ ಮೇಲೆ ಆ ಕೊರತೆ ನೀಗಿತು. ಆಮೇಲೆ ಚಿತ್ರಕೊಳವೆಗಳಿಗೆ ಯಟ್ರಿಯಂ ಆಕ್ಸಿಸಲ್ಫೈಡ್, ಟ್ಯೂಬ್‌ಲೈಟುಗಳಿಗೆ ಯಟ್ರಿಯಂ ಆಕ್ಸೈಡ್ ನೆಲೆಯೂರಿದವು. ಗಂಧಕದ ಗೊಡವೆ ಇಲ್ಲದ್ದರಿಂದ ನಾವು ಹಿಡಿದಿರುವುದು ಆಕ್ಸೈಡನ್ನೇ, ಅಂದರೆ ಯಟ್ರಿಯಾವನ್ನೇ.

ವಿಧಾನ ದ್ರಾವಣ ದಹನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರ ತಂಡ 1980ರ ದಶಕದ ಕೊನೆಯಲ್ಲಿ ಲೋಹದ ನೈಟ್ರೇಟ್ ಮತ್ತು ಯೂರಿಯಾವನ್ನು 500 ಡಿಗ್ರಿ ಕುಲುಮೆಯಲ್ಲಿ ಉರಿಸಿ ನಿಮಿಷಗಳಲ್ಲಿ ಅಲ್ಯುಮಿನಾ ಪಡೆದ ದಾರಿಯೇ ಇದು. ನಾವು ಇಂಧನವಾಗಿ ಯೂರಿಯಾ ಬದಲು ಗ್ಲೈಸಿನ್ ಬಳಸುತ್ತಿದ್ದೇವೆ.

ತೂಕ. ಯುರೋಪಿಯಂ 5 ಮೋಲ್ ಶೇಕಡಾ, ಅಂದರೆ ನೂರು ಲೋಹದ ಪರಮಾಣುಗಳಲ್ಲಿ ಐದು. 0.01 ಮೋಲ್ ಪುಡಿಗೆ (ಸುಮಾರು 2.32 ಗ್ರಾಂ) ಯಟ್ರಿಯಂ ಆಕ್ಸೈಡ್ 2.145 ಗ್ರಾಂ, ಯುರೋಪಿಯಂ ಆಕ್ಸೈಡ್ 0.176 ಗ್ರಾಂ, ಗ್ಲೈಸಿನ್ 2.50 ಗ್ರಾಂ. ಯೂರಿಯಾ ಆದರೆ 3.00 ಗ್ರಾಂ ಬೇಕು. ಆಕ್ಸೈಡುಗಳು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಂಡಿರುತ್ತವೆ; 900 ಡಿಗ್ರಿಯಲ್ಲಿ ಕಾಯಿಸಿ, ಡೆಸಿಕೇಟರಿನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ಆರಿಸಿಯೇ ತೂಗಬೇಕು. ಶುದ್ಧತೆ 99.99 ಶೇಕಡಾ ಇರಲಿ. ಕಬ್ಬಿಣ ತೀರ ಸ್ವಲ್ಪ ಸೇರಿದರೂ ಬೆಳಕು ಕುಗ್ಗುತ್ತದೆ, ಹಾಗಾಗಿ ಉಕ್ಕಿನ ಚಮಚ ಬೇಡ.

ಕರಗಿಸುವುದು. 6 ಮಿ.ಲೀ. ಸಾರ ನೈಟ್ರಿಕ್ ಆಮ್ಲವನ್ನು ಅಷ್ಟೇ ನೀರಿಗೆ ಹಾಕಿ, ಎರಡೂ ಆಕ್ಸೈಡುಗಳನ್ನು ಸೇರಿಸಿ, ದ್ರಾವಣ ತಿಳಿಯಾಗುವವರೆಗೆ ಬಿಸಿ ಮಾಡಬೇಕು. ಬೇಕಾದದ್ದು ಸುಮಾರು 4 ಮಿ.ಲೀ. ಆಮ್ಲ, ಮಿಕ್ಕಿದ್ದು ಹೆಚ್ಚುವರಿ. ಅದನ್ನು ಆವಿ ಮಾಡಿ ಕಳೆಯದಿದ್ದರೆ ಅದೂ ಆಕ್ಸಿಡೀಕಾರಿಯಾಗಿ ವರ್ತಿಸಿ ಇಂಧನದ ಲೆಕ್ಕವನ್ನು ಕೆಡಿಸುತ್ತದೆ. ಹೆಚ್ಚುಕಡಿಮೆ ಒಣಗಿದ ಮೇಲೆ 10 ಮಿ.ಲೀ. ನೀರು ಹಾಕಿ ಗ್ಲೈಸಿನ್ ಕರಗಿಸುವುದು.

ದಹನ. 300 ಮಿ.ಲೀ. ಬೋರೋಸಿಲಿಕೇಟ್ ಬಟ್ಟಲು, ಮೊದಲೇ 500 ಡಿಗ್ರಿಗೆ ಕಾಯ್ದ ಕುಲುಮೆ. ನೀರು ಕುದಿದು ಆರುತ್ತದೆ, ನೊರೆ ಏಳುತ್ತದೆ, ಕೊನೆಗೆ ಜ್ವಾಲೆ ಕೆಲವೇ ಕ್ಷಣಗಳಲ್ಲಿ ಇಡೀ ರಾಶಿಯನ್ನು ದಾಟಿ ಹೋಗುತ್ತದೆ. ಬಟ್ಟಲು ಚಿಕ್ಕದಾದರೆ ಅರ್ಧ ಪುಡಿ ಕುಲುಮೆಯ ಪಾಲು. ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್, ವಿಷ. ಹೊಗೆ ಎಳೆಯುವ ಗೂಡಿಲ್ಲದೆ ಈ ಹಂತಕ್ಕೆ ಕೈ ಹಾಕಲೇಬಾರದು. ಇಂಧನ ಹೆಚ್ಚಾದರೆ ಇಂಗಾಲ ಉಳಿದು ಪುಡಿ ಬೂದಾಗುತ್ತದೆ, ಕಡಿಮೆಯಾದರೆ ನೈಟ್ರೇಟ್ ಉಳಿಯುತ್ತದೆ.

ಎರಡನೇ ಸುಡುವಿಕೆ. ಹೊಳಪು ಹುಟ್ಟುವುದು ಇಲ್ಲಿ, ಜ್ವಾಲೆಯಲ್ಲಲ್ಲ. ಉರಿದ ಕೂಡಲೇ ಸಿಗುವ ಹಗುರ ಪುಡಿಯ ಹರಳುಗಳು ತೀರ ಸಣ್ಣವು. ಮೇಲ್ಮೈಗೆ ಅಂಟಿದ ಹೈಡ್ರಾಕ್ಸಿಲ್, ಕಾರ್ಬೋನೇಟ್ ಗುಂಪುಗಳು ಯುರೋಪಿಯಂನ ಶಕ್ತಿಯನ್ನು ಕಂಪನವಾಗಿ ಕದಿಯುತ್ತವೆ. ಅಲ್ಯುಮಿನಾ ಮೂಸೆಯಲ್ಲಿ, ಗಾಳಿಯಲ್ಲೇ, 1100 ಡಿಗ್ರಿಯಲ್ಲಿ 2 ಗಂಟೆ ಇಟ್ಟರೆ ಬೂದು ಹೋಗಿ ಪುಡಿ ಬಿಳಿಯಾಗುತ್ತದೆ, ಬೆಳಕು ಕಣ್ಣಿಗೇ ಗೊತ್ತಾಗುವಷ್ಟು ಏರುತ್ತದೆ. ಆಮೇಲೆ ಅಗೇಟ್ ಒರಳಿನಲ್ಲಿ ಮೆಲ್ಲಗೆ ಬಿಡಿಸಿದರೆ ಸಾಕು. ಜೋರಾಗಿ ಅರೆದರೆ ಹರಳಿನ ಮೇಲ್ಮೈ ಕೆಟ್ಟು, ಗಳಿಸಿದ ಹೊಳಪಿನಲ್ಲಿ ಒಂದು ಪಾಲು ಹೋಗುತ್ತದೆ.

ಪರೀಕ್ಷೆ. 254 ನ್ಯಾನೊಮೀಟರಿನ ಅತಿನೇರಳೆ ದೀಪವೇ ಬೇಕು. ಈ ಪುಡಿ ಬೆಳಕನ್ನು ಚೆನ್ನಾಗಿ ಹೀರುವುದು ಆಕ್ಸಿಜನ್ನಿನಿಂದ ಯುರೋಪಿಯಂಗೆ ಎಲೆಕ್ಟ್ರಾನ್ ಜಿಗಿಯುವ, 254ರ ಆಸುಪಾಸಿನ ಪಟ್ಟಿಯಲ್ಲಿ. ನೋಟು ಪರೀಕ್ಷಿಸುವ 365ರ ಟಾರ್ಚಿಗೆ ಮಂಕಾಗಿಯಷ್ಟೇ ಕಾಣುತ್ತದೆ. ಗಾಜಿನ ಸೀಸೆಯಲ್ಲಿಟ್ಟರೂ ವ್ಯರ್ಥ, ಗಾಜು 254ನ್ನು ತಡೆಯುತ್ತದೆ. ಪುಡಿಯನ್ನು ತೆರೆದ ತಟ್ಟೆಯಲ್ಲಿ ಹರಡಿ, ಕಣ್ಣು ಚರ್ಮ ಮುಚ್ಚಿಕೊಂಡು ನೋಡಬೇಕು. ಡಿವಿಡಿ ತುಂಡಿನಿಂದ ಮಾಡಿದ ರೋಹಿತದರ್ಶಕದಲ್ಲೂ 611ರ ತೆಳು ಗೆರೆ ಎದ್ದು ಕಾಣುತ್ತದೆ.

ಕಾಳು ದಪ್ಪವಾಗಲೆಂದು ಬೋರಿಕ್ ಆಮ್ಲ ಸೇರಿಸುವ ಆಸೆ ಸಹಜ. ಅದು ಹೆಚ್ಚಾದರೆ ಯಟ್ರಿಯಂ ಬೋರೇಟ್ ಬೆಳೆದು 593ರ ಗೆರೆ ಮೇಲೇಳುತ್ತದೆ, ಕೆಂಪು ಕಿತ್ತಳೆಗೆ ವಾಲುತ್ತದೆ. ಪ್ಲಾಸ್ಮಾ ಪರದೆಗಳ ಬೋರೇಟ್ ಕೆಂಪಿಗೂ ಇದೇ ಕೊರತೆ ಇತ್ತು. ಹೊಳಪಿಗಾಗಿ ಬಣ್ಣ ಬಿಟ್ಟುಕೊಡುವುದು ನಮಗೆ ಒಪ್ಪಿಗೆಯಿಲ್ಲ, ಆದ್ದರಿಂದ ಸದ್ಯಕ್ಕೆ ಬೋರಿಕ್ ಆಮ್ಲವಿಲ್ಲದೆಯೇ ಮುಂದುವರಿಕೆ.

ಮುಂದೆ. ಯುರೋಪಿಯಂ 1, 3, 5, 7, 10 ಶೇಕಡಾ ಸರಣಿ. ಅಯಾನುಗಳು ಹತ್ತಿರವಾದಷ್ಟೂ ಶಕ್ತಿ ಒಂದರಿಂದೊಂದಕ್ಕೆ ದಾಟಿ ಹರಳಿನ ದೋಷಗಳಲ್ಲಿ ಇಂಗುತ್ತದೆ. ಹೊಳಪಿನ ಆ ಇಳಿಜಾರು ನಮ್ಮ ಪುಡಿಯಲ್ಲಿ ಎಲ್ಲಿ ಶುರುವಾಗುತ್ತದೆ ಎಂದು ಅಳೆಯಬೇಕು. ನಂತರ ಹಸಿರಿಗೆ ಟರ್ಬಿಯಂ. ಅದರ ಕಂದು ಆಕ್ಸೈಡ್ ನೈಟ್ರಿಕ್ ಆಮ್ಲದಲ್ಲಿ ಸುಲಭಕ್ಕೆ ಕರಗುವುದಿಲ್ಲ, ಕೆಲವು ಹನಿ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಗಾಳಿಯಲ್ಲಿ ಸುಟ್ಟರೆ ಒಂದಷ್ಟು ಟರ್ಬಿಯಂ ನಾಲ್ಕನೇ ವೇಲೆನ್ಸಿಗೆ ಏರಿ ಪುಡಿ ಕಂದಾಗಿ ಮಂಕಾಗುವುದರಿಂದ, ಮೂಸೆಯನ್ನು ಇದ್ದಿಲ ಪುಡಿಯ ನಡುವೆ ಹೂತು ಮುಚ್ಚಿ ಸುಡುವ ಏರ್ಪಾಡು ಸಿದ್ಧವಾಗುತ್ತಿದೆ.