ಹಂಚಿನ ಮೇಲಿನ ಊರು

ಬಾಸೆಲ್ ಎನ್ನುವುದು ಒಂದು ಊರಿನ ಹೆಸರು ಎಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಮೂಲ್ಕಿ ಹತ್ತಿರದ ಅಜ್ಜಿಮನೆಯಲ್ಲಿ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ಕೆಲಸ ಇರುತ್ತಿತ್ತು. ಮಾಡಿನಿಂದ ಇಳಿಸಿದ ಹಂಚನ್ನು ಮಗುಚಿದರೆ ಉಬ್ಬಿದ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಶನ್. ಬಾಳೆಯಲ್ಲಿ ಕದಳಿ, ನೇಂದ್ರ ಇದ್ದ ಹಾಗೆ ಅದು ಹಂಚಿನ ಒಂದು ಜಾತಿ ಇರಬೇಕು ಅಂದುಕೊಂಡಿದ್ದೆ.

ಜೂನ್ ಮೊದಲ ವಾರ ಸ್ವಿಟ್ಜರ್ಲೆಂಡಿನ ಆ ಊರಿನಲ್ಲಿ ಟ್ರಾಮಿನಿಂದ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದೂ ಹಂಚೇ. ಸ್ಪಾಲೆನ್‌ಟೋರ್ ಎಂಬ ಹಳೆಯ ಕೋಟೆಬಾಗಿಲಿನ ನೆತ್ತಿಯ ಮೇಲೆ ಹೊಳೆಯುವ ಬಣ್ಣದ ಹಂಚು. ಬಾಗಿಲು ದಾಟಿ ಹೊರಗೆ ಹೋಗುವ ರಸ್ತೆಯ ಹೆಸರೇ ಮಿಶನ್ ರಸ್ತೆ. ಅಲ್ಲಿ 21ನೇ ನಂಬರಿನ ಉದ್ದನೆಯ ಕಟ್ಟಡ, ಹಿಂದೆ ತೋಟ. ಒಂದು ಭಾಗ ಈಗ ಹೋಟೆಲು. ಇನ್ನೊಂದರಲ್ಲಿ ಮಿಶನ್ನಿನ ದಾಖಲೆ ಭಂಡಾರ.

ಒಂದು ಸಣ್ಣ ನಿರಾಸೆ ಬಾಗಿಲಲ್ಲೇ ಆಯಿತು. ಮಿಶನರಿಗಳನ್ನು ತಯಾರು ಮಾಡಿ ಹೊರದೇಶಗಳಿಗೆ ಕಳಿಸುತ್ತಿದ್ದ, ನಮ್ಮ ಕರಾವಳಿಯಲ್ಲಿ ಹಂಚಿನ ಕಾರ್ಖಾನೆ ತೆರೆದ ಈ ಕ್ರೈಸ್ತ ಮಿಶನ್ ಹುಟ್ಟಿದ್ದು 1815ರಲ್ಲಿ, ಈ ಮನೆ ಕಟ್ಟಿದ್ದು 1860ರಲ್ಲಿ. ನಾನು ಹುಡುಕಿಕೊಂಡು ಬಂದ ಹುಡುಗರು ಯಾರೂ ಈ ಮೆಟ್ಟಿಲು ಹತ್ತಿ ಪಾಠಕ್ಕೆ ಹೋದವರಲ್ಲ. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೊಗ್ಲಿಂಗ್, 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್, ಇಬ್ಬರೂ ಅದಕ್ಕಿಂತ ಹಿಂದಿನವರು. ಹುಡುಗರು ಎಂದು ಬೇಕೆಂದೇ ಹೇಳುತ್ತಿದ್ದೇನೆ. ನಮ್ಮ ಪಠ್ಯಪುಸ್ತಕದಲ್ಲಿ ಕಿಟ್ಟೆಲ್ ಎಂದರೆ ಗಡ್ಡದ ಮುದುಕ, ಹುಟ್ಟಿದ್ದೇ ನಿಘಂಟಿನ ಜೊತೆ ಎಂಬಂತೆ. ಹಡಗು ಇಳಿದಾಗ ಅವನಿಗೆ 21 ವರ್ಷ. ಮೊಗ್ಲಿಂಗನಿಗೆ 25.

ಮೊಗ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಓದಿದವನು. ಆದರೆ ಇಲ್ಲಿಗೆ ಸೇರುತ್ತಿದ್ದ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ರೈತರ, ನೇಕಾರರ, ಚಮ್ಮಾರರ ಮಕ್ಕಳು. ಸೇರಲು ಬರುವವನು ತನ್ನ ಬದುಕಿನ ಕಥೆಯನ್ನು ತಾನೇ ಬರೆದು ಕೊಡಬೇಕು. ಹೋದಮೇಲೆ ಮೂರು ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಮದುವೆಯ ಮಾತನ್ನು ಮೊದಲ ಕೆಲವು ವರ್ಷ ಎತ್ತುವಂತಿಲ್ಲ. ಆಮೇಲೂ ಬಾಸೆಲಿನ ಕಮಿಟಿ ಹೂಂ ಅನ್ನಬೇಕು. ಎಷ್ಟೋ ಹುಡುಗಿಯರು ಮುಖ ಕಾಣದ ವರನನ್ನು ನೆಚ್ಚಿ ಹಡಗು ಹತ್ತಿದ್ದಾರೆ. ಓದುತ್ತಿದ್ದಾಗ ನಮ್ಮ ದೊಡ್ಡಮ್ಮಂದಿರ ಮದುವೆಗಳು ನೆನಪಾಗಿ ನಗು ಬಂತು. ಅವರಾದರೂ ಬಸ್ಸು ಹತ್ತಿ ತವರಿಗೆ ಬರಬಹುದಿತ್ತು.

ಮುಂದಿನ ನಿಯಮಕ್ಕೆ ನಗು ಬರಲಿಲ್ಲ. ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ, ಆರೇಳು ವರ್ಷಕ್ಕೇ, ಯುರೋಪಿಗೆ ಕಳಿಸಬೇಕು. ಅದಕ್ಕಾಗಿ ಬಾಸೆಲಿನಲ್ಲಿ ಮಕ್ಕಳ ಮನೆಯನ್ನೇ ತೆರೆದಿದ್ದರು. ಅಪ್ಪ ಅಮ್ಮ ಮಂಗಳೂರಿನಲ್ಲೋ ಧಾರವಾಡದಲ್ಲೋ, ಮಕ್ಕಳು ಇಲ್ಲಿ. ಮತ್ತೆ ಮುಖ ನೋಡುವುದು ಎಷ್ಟೋ ವರ್ಷದ ಮೇಲೆ, ಕೆಲವರಿಗೆ ಅದೂ ಇಲ್ಲ. ಕರಾವಳಿಯ ಮನೆಯಲ್ಲಿ ಆಯಾಳ ಮಾತು ಕೇಳುತ್ತಾ ಬರಿಗಾಲಲ್ಲಿ ಬೆಳೆದ ಮಗು, ಈ ಚಳಿಯಲ್ಲಿ ಬೂಟು ಹಾಕಿಕೊಂಡು 'ಸ್ವದೇಶ'ಕ್ಕೆ ಬಂದದ್ದು. ಪರದೇಶದ ಸೇವೆಗೆ ಹೋದವರು ದೊಡ್ಡವರು. ನಿಜವಾಗಿ ಪರದೇಶಿಗಳಾದದ್ದು ಇವು ಅಂತ ನನಗನ್ನಿಸಿತು. ಭಂಡಾರದಲ್ಲಿ ನನಗೆ ನೆರವಾದ ಹೆಂಗಸು ಹಳೆಯ ಫೋಟೋಗಳ ಕಟ್ಟು ತಂದಿಟ್ಟರು: ಹಂಚಿನ ಕಾರ್ಖಾನೆ, ಮಗ್ಗದ ಸಾಲು, ತೆಂಗಿನ ಮರ. ಅವರಿಗೆ ಅದು 19ನೇ ಶತಮಾನ. ನನಗೆ ಮನೆಯ ಹಿತ್ತಲು.

ಎದುರು ದಿಕ್ಕಿನಿಂದ ಬಂದ ಒಬ್ಬನೂ ಇದ್ದ. ಆನಂದರಾವ್ ಕೌಂಡಿನ್ಯ, ಮಂಗಳೂರಿನ ಬ್ರಾಹ್ಮಣ ಮನೆತನದ ಹುಡುಗ, ಮೊಗ್ಲಿಂಗನ ಶಿಷ್ಯ. 1844ರಲ್ಲಿ ಅವನು ದೀಕ್ಷಾಸ್ನಾನ ಪಡೆದಾಗ ಊರೆಲ್ಲ ಗದ್ದಲವೆದ್ದಿತ್ತು. ಎರಡು ವರ್ಷದ ಮೇಲೆ ಗುರುವಿನ ಜೊತೆ ಬಾಸೆಲಿಗೆ ಬಂದ, ಓದಿದ, 1851ರಲ್ಲಿ ಮಿಶನರಿಯಾಗಿಯೇ ಹಿಂತಿರುಗಿದ. ಆಮೇಲೆ ಜರ್ಮನಿಯ ಹುಡುಗಿಯೊಬ್ಬಳನ್ನು ಮದುವೆಯಾದ. ಕೊಡಗಿನ ಆನಂದಪುರ ಇವನ ಹೆಸರಿನದೇ. ಮತಾಂತರದ ಬಗ್ಗೆ ನನಗೆ ನನ್ನದೇ ತಕರಾರುಗಳಿವೆ, ಆ ಮನೆಯವರ ಸಂಕಟವನ್ನು ಯಾವ ವರದಿಯೂ ಪೂರ್ತಿ ಬರೆದಿರಲಿಕ್ಕಿಲ್ಲ. ಆದರೂ ರೈನ್ ನದಿಯ ದಂಡೆಯಲ್ಲಿ ಕೂತಾಗ ಯೋಚನೆ ಬಂದದ್ದು ಬೇರೆ: ಮೊದಲ ಹಿಮ ಬಿದ್ದ ದಿನ ಈ ಹುಡುಗ ಅದನ್ನು ಯಾರಿಗೆ ಹೇಳಿಕೊಂಡ, ಯಾವ ಭಾಷೆಯಲ್ಲಿ? ಮೊಗ್ಲಿಂಗ್ ಜೊತೆಗಿದ್ದಷ್ಟು ದಿನ ಕನ್ನಡದಲ್ಲೇ ಇರಬಹುದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದವನು ತಾನೇ ಅವನು!

ಮರುದಿನ ರೈಲು ಹಿಡಿದು ಜರ್ಮನಿಯ ಕಾಲ್ವ್ ಎಂಬ ಸಣ್ಣ ಊರಿಗೆ ಹೋದೆ. ಕಾರ್ಲ್ಸ್‌ರೂಹೆಯಲ್ಲಿ ಒಮ್ಮೆ, ಫೋರ್ಟ್ಸ್‌ಹೈಮ್‌ನಲ್ಲಿ ಮತ್ತೊಮ್ಮೆ ಗಾಡಿ ಬದಲು. ಎರಡನೆಯ ಕಡೆ ತಪ್ಪು ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಂದು ಗಾಡಿ ತಪ್ಪಿಸಿಕೊಂಡೆ. ಆಮೇಲೆ ಸಿಕ್ಕಿದ ಪುಟ್ಟ ರೈಲು ನಾಗೋಲ್ಡ್ ಹೊಳೆಯ ಪಕ್ಕದಲ್ಲೇ ಕಾಡಿನ ನಡುವೆ ಬಳುಕಿಕೊಂಡು ಹೋಯಿತು. ಕಾಲ್ವ್‌ನಲ್ಲಿ ಎಲ್ಲರೂ ನೋಡುವುದು ಸಾಹಿತಿ ಹರ್ಮನ್ ಹೆಸ್ಸೆಯ ಮನೆ. ನಾನು ಬಂದದ್ದು ಅವನ ಅಮ್ಮನಿಗಾಗಿ, ಅಜ್ಜನಿಗಾಗಿ. ಅಜ್ಜ ಗುಂಡರ್ಟ್ ತಲಶ್ಶೇರಿಯಲ್ಲಿದ್ದ ಮಿಶನರಿ, ಮೊಗ್ಲಿಂಗನ ಗೆಳೆಯ. 1859ರಲ್ಲಿ ಹಿಂತಿರುಗಿ ಇಲ್ಲಿ ನೆಲೆಸಿ, ಇಲ್ಲಿ ಕೂತೇ ಮಲಯಾಳಂ ನಿಘಂಟನ್ನು ಮುಗಿಸಿದ. ಅದು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. 1894ರಲ್ಲಿ ಕಿಟ್ಟೆಲನ 70,000 ಪದಗಳ ಕನ್ನಡ ನಿಘಂಟು ಹೊರಬಂದದ್ದೂ ಅಲ್ಲಿಂದಲೇ.

ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಯುರೋಪಿಗೆ ಕರೆತಂದು ಬಿಟ್ಟಾಗ ಇನ್ನೂ ಚಿಕ್ಕ ಮಗು. ತಂದೆ ತಾಯಿಯ ಬಳಿ ಮರಳಿದ್ದು ಹದಿಹರೆಯದಲ್ಲಿ. ಹೊಳೆಗೆ ಅಡ್ಡಲಾಗಿ ಹಳೆಯ ಕಲ್ಲಿನ ಸೇತುವೆ, ಅದರ ಮೇಲೆ ಹೆಸ್ಸೆಯ ಕಂಚಿನ ಪ್ರತಿಮೆ. ಪ್ರವಾಸಿಗಳು ಅವನ ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಮ್ಮನ ಪ್ರತಿಮೆ ನನಗೆಲ್ಲೂ ಕಾಣಲಿಲ್ಲ.

ಅಷ್ಟರಲ್ಲಿ ಮಳೆ ಹನಿಯಿತು. ಒಂದು ಅಂಗಡಿಯ ಜಗಲಿಗೆ ಸರಿದು ನಿಂತು ಮನೆಗೆ ಫೋನು ಮಾಡಿದೆ. ಅಲ್ಲಿ ಕತ್ತಲಾಗುತ್ತಿತ್ತು. ನಿನ್ನೆಯಿಂದ ಬಿಡದೆ ಸುರಿಯುತ್ತಿದೆ ಎಂದಳು ಅಮ್ಮ.

"ಹಂಚು ಮಾಡುವವರ ಊರಿಗೆ ಹೋಗಿದ್ದಿಯಲ್ಲ, ಅಲ್ಲಿನ ಮಾಡು ಹೇಗುಂಟು?"

ತಲೆಯೆತ್ತಿ ನೋಡಿದೆ. ಮರದ ಚೌಕಟ್ಟಿನ ಮನೆಗಳು, ಕಡಿದಾದ ಮಾಡು, ಮೀನಿನ ಚಿಪ್ಪಿನ ಹಾಗೆ ಒಂದರ ಮೇಲೊಂದು ಕೂತ ಕೆಂಪು ಹಂಚು.

"ಸಣ್ಣ ಸಣ್ಣ ಹಂಚು ಅಮ್ಮಾ. ನಮ್ಮದರ ಹಾಗಿಲ್ಲ."

"ಸೋರುವುದಿಲ್ಲವಾ?"