ಚಾಕೊಲೇಟ್ ಸಿರಪ್ ರಕ್ತ, ಹಲಗೆ ಬಡಿದ ಮನೆ

ಹೆಣಗಳು ಎದ್ದು ಮನುಷ್ಯರನ್ನು ತಿನ್ನುವ ಸಿನಿಮಾ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಶುರುವಾದ ಸ್ವಲ್ಪ ಹೊತ್ತಿಗೇ, ಅಂಥದೊಂದು ಹೆಣದಿಂದ ತಪ್ಪಿಸಿಕೊಂಡ ಬಾರ್ಬ್ರಾ ಕಾರಿನೊಳಗೆ ಸಿಕ್ಕಿಬೀಳುತ್ತಾಳೆ. ಕೀಲಿ ಅಣ್ಣನ ಬಳಿ, ಅಣ್ಣ ಸ್ಮಶಾನದಲ್ಲಿ. ಬ್ರೇಕ್ ಬಿಡುತ್ತಾಳೆ, ಇಳಿಜಾರಿನಲ್ಲಿ ಕಾರು ತಾನೇ ಉರುಳಿ ಮರಕ್ಕೆ ಉಜ್ಜಿ ನಿಲ್ಲುತ್ತದೆ. ಮುಂದಿನದೆಲ್ಲ ಕಾಲ್ನಡಿಗೆ. ಆ ಮರ ಮೂಲ ಚಿತ್ರಕಥೆಯಲ್ಲಿ ಇರಲಿಲ್ಲ. ಕಾರು ನಿರ್ಮಾಪಕ ರಸೆಲ್ ಸ್ಟ್ರೈನರ್ ಅವರ ತಾಯಿಯದು. ಚಿತ್ರೀಕರಣದ ನಡುವೆ ಅದಕ್ಕೆ ಯಾರೋ ಗುದ್ದಿ ತಗ್ಗು ಬಿತ್ತು. ಆ ತಗ್ಗಿಗೊಂದು ಕಾರಣ ಬೇಕಿತ್ತು, ಕಥೆಗೆ ಮರ ಬಂತು.

ಪಿಟ್ಸ್‌ಬರ್ಗ್‌ನ ನಿರ್ದೇಶಕ ಜಾರ್ಜ್ ರೊಮೆರೊ ಮತ್ತು ಗೆಳೆಯರು 1967ರಲ್ಲಿ ಚಿತ್ರೀಕರಿಸಿ 1968ರಲ್ಲಿ ತೆರೆಗೆ ತಂದ ಈ ಸಿನಿಮಾದ ಒಟ್ಟು ಖರ್ಚು ಸುಮಾರು 1,14,000 ಡಾಲರ್. ಮೊದಲಿಗೆ ಹತ್ತು ಜನ ತಲಾ 600 ಡಾಲರ್ ಹಾಕಿ ‘ಇಮೇಜ್ ಟೆನ್’ ಎಂಬ ಕಂಪನಿ ಕಟ್ಟಿದ್ದರು. ಇಲ್ಲೊಂದು ಮಾತು ಹೇಳಲೇಬೇಕು. ಈ ಸಿನಿಮಾವನ್ನು ತೋರಿಸಿ ‘ಏನೂ ಇಲ್ಲದೆಯೂ ಮಾಡಬಹುದು’ ಎನ್ನುವವರು, ರೊಮೆರೊ ತಂಡ ಅಷ್ಟು ಹೊತ್ತಿಗೆ ಜಾಹೀರಾತು ಚಿತ್ರ ತೆಗೆಯುವ ಕಂಪನಿ ನಡೆಸುತ್ತಿತ್ತು ಎಂಬುದನ್ನು ಮರೆಯುತ್ತಾರೆ. ಕ್ಯಾಮೆರಾ, ಲೈಟು, ಎಡಿಟಿಂಗ್ ಎಲ್ಲವೂ ಕೈಯಳತೆಯಲ್ಲಿತ್ತು. ಇಲ್ಲದ್ದು ದುಡ್ಡು ಮಾತ್ರ, ಕೆಲಸದ ಪಳಗಿಕೆಯಲ್ಲ.

ಸಿನಿಮಾದ ನಿಜವಾದ ಶಕ್ತಿ, ಹೆಣಗಳಿಗೆ ಹೆದರಿ ಎಲ್ಲರೂ ಅಡಗುವ ಆ ಮನೆ. ಪೆನ್ಸಿಲ್ವೇನಿಯಾದ ಇವಾನ್ಸ್ ಸಿಟಿ ಬಳಿ ಕೆಡವಲು ಬಿಟ್ಟಿದ್ದ ತೋಟದ ಮನೆಯೊಂದು ಅವರಿಗೆ ಸಿಕ್ಕಿತು. ಕೆಡವುವ ಮನೆಯಾದ್ದರಿಂದ ಎಲ್ಲಿ ಬೇಕಾದರೂ ಮೊಳೆ ಹೊಡೆಯಬಹುದು, ಗಾಜು ಒಡೆಯಬಹುದು. ಬೆನ್ ಪಾತ್ರದ ಡ್ವೇನ್ ಜೋನ್ಸ್ ಮೇಜು ಮುರಿದು, ಒಳಬಾಗಿಲು ಕಿತ್ತು, ಒಂದೊಂದೇ ಕಿಟಕಿಗೆ ಹಲಗೆ ಬಡಿಯುವುದನ್ನು ರೊಮೆರೊ ಅವಸರವಿಲ್ಲದೆ ತೋರಿಸುತ್ತಾರೆ. ಮೊದಲ ಸಲ ನೋಡುವಾಗ ಇದು ಎಳೆದಂತೆ ಅನಿಸುತ್ತದೆ. ಆದರೆ ಆ ಹೊತ್ತಿನಲ್ಲೇ ಮನೆಯ ನಕ್ಷೆ ನೋಡುವವರ ತಲೆಗಿಳಿದಿರುತ್ತದೆ: ಮುಂಬಾಗಿಲು ಎಲ್ಲಿ, ಅಡುಗೆಮನೆ ಎಲ್ಲಿ, ನೆಲಮಾಳಿಗೆಯ ಬಾಗಿಲು ಎತ್ತ ತೆರೆಯುತ್ತದೆ. ಹಲಗೆಗಳ ನಡುವೆ ಸಂದು ಉಳಿದದ್ದೂ ಕಣ್ಣಿಗೆ ಬಿದ್ದಿರುತ್ತದೆ. ಕೊನೆಗೆ ಹೆಣಗಳ ಕೈಗಳು ನುಗ್ಗುವುದು ಆ ಸಂದುಗಳಿಂದಲೇ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ತಿರುಗಿ ಹೋಗುವ ದೆವ್ವಗಳಲ್ಲ ಇವು. ಇಂದಿನ ಎಷ್ಟೋ ಭೂತದ ಸಿನಿಮಾಗಳಲ್ಲಿ ಪಾತ್ರ ಯಾವ ಕೋಣೆಯಲ್ಲಿದೆ ಎಂಬುದೇ ತಿಳಿಯುವುದಿಲ್ಲ, ಹೆದರುವುದಾದರೂ ಎಲ್ಲಿಂದ?

ಅಂದಹಾಗೆ ನೆಲಮಾಳಿಗೆ ಆ ಮನೆಯದಲ್ಲ. ಅಲ್ಲಿನದು ಚಿತ್ರೀಕರಣಕ್ಕೆ ಒಗ್ಗದ್ದರಿಂದ ಪಿಟ್ಸ್‌ಬರ್ಗ್‌ನಲ್ಲಿ ತಮ್ಮ ಕಚೇರಿ ಇದ್ದ ಕಟ್ಟಡದ ತಳಮನೆಯಲ್ಲಿ ಆ ದೃಶ್ಯಗಳನ್ನು ತೆಗೆದರು. ಬಾಗಿಲು ಅಲ್ಲಿ, ಮೆಟ್ಟಿಲು ಇಲ್ಲಿ, ಆದರೂ ಜೋಡಣೆ ಎಲ್ಲೂ ಎದ್ದು ಕಾಣುವುದಿಲ್ಲ.

ರಕ್ತಕ್ಕೆ ಬಳಸಿದ್ದು ಬಾಸ್ಕೊ ಚಾಕೊಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಬಣ್ಣಕ್ಕೆ ಬೆಲೆಯಿಲ್ಲ, ಎಷ್ಟು ಗಾಢ, ಎಷ್ಟು ಮಂದ ಎಂಬುದಷ್ಟೇ ಲೆಕ್ಕ. ನೀರಾದ ಕೆಂಪು ಬಣ್ಣ ಬೂದಿಯಾಗಿ ಕಾಣುತ್ತದೆ. ಸಿರಪ್ ಕಪ್ಪಗೆ ಹೊಳೆಯುತ್ತದೆ, ಗೋಡೆಯ ಮೇಲೆ ನಿಧಾನವಾಗಿ ಇಳಿಯುತ್ತದೆ. ಮನುಷ್ಯರ ಮಾಂಸದ ಬದಲು ಬೇಯಿಸಿದ ಹಂದಿಮಾಂಸ, ಅಂದರೆ ಹ್ಯಾಮ್‌ಗೆ ಇದೇ ಸಿರಪ್ ಸುರಿದರು. ಬಣ್ಣದಲ್ಲಿ ತೆಗೆದಿದ್ದರೆ ಐಸ್‌ಕ್ರೀಂ ಅಂಗಡಿಯ ನೆನಪಾಗುತ್ತಿತ್ತು.

ಇನ್ನೊಂದು ಅಗ್ಗದ ಉಪಾಯ ಟಿವಿ. ಇಡೀ ದೇಶ ಹೊತ್ತಿ ಉರಿಯುತ್ತಿದೆ ಎಂದು ತೋರಿಸಲು ಸಾವಿರಾರು ಜನ ಬೇಕು. ಇವರು ಒಂದು ಮೇಜು, ಒಬ್ಬ ವಾರ್ತಾವಾಚಕ, ನಾಲ್ಕು ಸಾಲು ಒಣ ವರದಿಯಲ್ಲಿ ಮುಗಿಸಿದರು. ವರದಿಗಾರನಾಗಿ ಬಂದದ್ದು ಪಿಟ್ಸ್‌ಬರ್ಗ್ ಟಿವಿಯ ಪರಿಚಿತ ಮುಖ ಬಿಲ್ ಕಾರ್ಡಿಲ್. ಆತ ನಟಿಸುವುದಿಲ್ಲ, ದಿನವೂ ಮಾಡುವ ಕೆಲಸವನ್ನೇ ಮಾಡುತ್ತಾನೆ.

ಆದರೆ ಆ ಟಿವಿಯೇ ಸಿನಿಮಾದ ಮೊದಲ ದೊಡ್ಡ ತಪ್ಪನ್ನೂ ಹೊತ್ತು ತರುತ್ತದೆ. ಶುಕ್ರ ಗ್ರಹಕ್ಕೆ ಹೋಗಿಬಂದ ಬಾಹ್ಯಾಕಾಶ ನೌಕೆಯ ವಿಕಿರಣದಿಂದ ಹೆಣಗಳು ಎದ್ದಿರಬಹುದು ಎಂಬ ವಿವರಣೆ ಯಾರಿಗೂ ಬೇಕಿರಲಿಲ್ಲ. ಕಥೆ ಮುಂದೆ ಅದನ್ನು ಬಳಸುವುದೂ ಇಲ್ಲ. ನಿಯಮಗಳೂ ಸಡಿಲ: ಸ್ಮಶಾನದ ಮೊದಲ ಹೆಣ ಚುರುಕಾಗಿ ಬೆನ್ನಟ್ಟಿ, ಕಲ್ಲೆತ್ತಿ ಕಾರಿನ ಗಾಜು ಒಡೆಯುತ್ತದೆ, ಆಮೇಲಿನವು ತೂಕಡಿಸುತ್ತಾ ನಡೆಯುತ್ತವೆ. ಸಂಗೀತ ಪೂರಾ ಸಿದ್ಧ ಸಂಗೀತದ ಸಂಗ್ರಹದಿಂದ ತಂದದ್ದು, ಕೆಲವೆಡೆ ದೃಶ್ಯಕ್ಕಿಂತ ಮೊದಲೇ ಕಿರುಚಲು ಶುರುಮಾಡುತ್ತದೆ.

ಇದಕ್ಕಿಂತ ನೋಯಿಸುವುದು ಹೆಣ್ಣು ಪಾತ್ರಗಳು. ಮೊದಲ ಭಾಗವನ್ನು ಹೆಗಲ ಮೇಲೆ ಹೊತ್ತ ಬಾರ್ಬ್ರಾಳನ್ನು ಸೋಫಾದ ಮೇಲೆ ಕೂರಿಸಿ ಸಿನಿಮಾ ಮರೆತುಬಿಡುತ್ತದೆ. ಅದೇ ಮನೆಯಲ್ಲಿದ್ದ ಟಾಮ್ ಮತ್ತು ಬೆನ್ ಟ್ರಕ್ಕಿಗೆ ಪೆಟ್ರೋಲ್ ತುಂಬಿಸಲು ಹೊರಟಾಗ ಟಾಮ್‌ನ ಗೆಳತಿ ಜೂಡಿ ಕೊನೆ ಗಳಿಗೆಯಲ್ಲಿ ಟ್ರಕ್ಕಿನ ಕಡೆ ಓಡುವುದಕ್ಕೆ, ಅವಳು ಸಾಯಬೇಕು ಎಂಬುದರ ಹೊರತು ಬೇರೆ ಕಾರಣವಿಲ್ಲ. ಅದೇ ದೃಶ್ಯದ ಉಳಿದದ್ದು ಮಾತ್ರ ಅಚ್ಚುಕಟ್ಟು: ತಂದ ಕೀಲಿ ಪಂಪಿನ ಬೀಗಕ್ಕೆ ಹೊಂದುವುದಿಲ್ಲ, ಬೆನ್ ಬೀಗಕ್ಕೆ ಗುಂಡು ಹಾರಿಸುತ್ತಾನೆ, ಟಾಮ್ ಗಾಬರಿಯಲ್ಲಿ ಪೆಟ್ರೋಲ್ ಚೆಲ್ಲುತ್ತಾನೆ, ನೆಲದ ಮೇಲಿಟ್ಟ ಪಂಜಿಗೆ ಅದು ತಾಗುತ್ತದೆ. ದೆವ್ವಗಳ ಕೈವಾಡವೇ ಇಲ್ಲ.

ಬರವಣಿಗೆಯಲ್ಲಿ ನನಗೆ ಅತಿ ಮೆಚ್ಚಿಗೆಯಾದದ್ದು ಬೆನ್ ಮತ್ತು ಹೆಂಡತಿ, ಮಗಳೊಂದಿಗೆ ಅಲ್ಲೇ ಅಡಗಿದ್ದ ಕೂಪರ್‌ರ ಜಗಳ. (ಕೊನೆ ಗೊತ್ತಾಗಬಾರದು ಎನ್ನುವವರು ಈ ಪ್ಯಾರಾ ಬಿಡಿ.) ನೆಲಮಾಳಿಗೆಯೇ ಕ್ಷೇಮ ಎನ್ನುವ ಕೂಪರ್ ಹೇಡಿ, ಸಿಡುಕ, ಅದು ಸಾವಿನ ಬೋನು ಎನ್ನುವ ಬೆನ್ ನಾಯಕ. ಎಲ್ಲರೂ ಸತ್ತ ಮೇಲೆ ಬೆನ್ ಬದುಕುಳಿಯುವುದು ಅದೇ ನೆಲಮಾಳಿಗೆಯಲ್ಲಿ. ಸಿನಿಮಾ ಇದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಬೆಳಿಗ್ಗೆ ಬಂದ ಬಂದೂಕುಧಾರಿಗಳು ಅವನನ್ನೂ ಹೆಣವೆಂದೇ ಭಾವಿಸಿ ಹೊಡೆದುರುಳಿಸುತ್ತಾರೆ. ಆಮೇಲೆ ಬರೀ ಸ್ಥಿರಚಿತ್ರಗಳು, ಪತ್ರಿಕೆಯಲ್ಲಿ ಅಚ್ಚಾದ ಫೋಟೋಗಳಂತೆ ಒರಟು. ಪಾತ್ರವನ್ನು ಕಪ್ಪು ಮನುಷ್ಯನೆಂದು ಬರೆದಿರಲಿಲ್ಲ, ಆಡಿಷನ್‌ನಲ್ಲಿ ಡ್ವೇನ್ ಜೋನ್ಸ್ ಚೆನ್ನಾಗಿ ಮಾಡಿದರೆಂದು ತೆಗೆದುಕೊಂಡರು. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವರ್ಷವೇ ತೆರೆಗೆ ಬಂದಾಗ ಆ ಚಿತ್ರಗಳನ್ನು ಬೇರೆ ರೀತಿ ನೋಡಲು ಯಾರಿಗೂ ಸಾಧ್ಯವಿರಲಿಲ್ಲ.

ಎಲ್ಲಕ್ಕಿಂತ ದುಬಾರಿ ತಪ್ಪು ನಡೆದದ್ದು ಕ್ಯಾಮೆರಾ ಮುಂದೆ ಅಲ್ಲ, ಶೀರ್ಷಿಕೆ ಫಲಕದಲ್ಲಿ. ಫಲಕದಲ್ಲಿ ಮೊದಲಿದ್ದ ಹೆಸರು ‘ನೈಟ್ ಆಫ್ ದ ಫ್ಲೆಶ್ ಈಟರ್ಸ್’. ಅದನ್ನು ಹೋಲುವ ಹೆಸರಿನ ಸಿನಿಮಾ ಆಗಲೇ ಇದ್ದುದರಿಂದ ವಿತರಕರು ಹೊಸ ಫಲಕ ಹಾಕಿಸಿದರು. ಹಳೆಯ ಫಲಕದಲ್ಲಿದ್ದ ಹಕ್ಕುಸ್ವಾಮ್ಯದ ಸಾಲು ಹೊಸದರಲ್ಲಿ ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲಿಲ್ಲದೆ ಬಿಡುಗಡೆಯಾದ ಕೃತಿ ಸಾರ್ವಜನಿಕರ ಸ್ವತ್ತು. ಹೀಗೆ ಯಾರು ಬೇಕಾದರೂ ನಕಲು ಮಾಡಿ ಮಾರಿದರು, ತಯಾರಿಸಿದವರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ. ಅದೇ ಕಾರಣಕ್ಕೆ ಸಿನಿಮಾ ಮೂಲೆಮೂಲೆಗೂ ತಲುಪಿತು ಎಂಬುದೂ ನಿಜ.

ನೋಡುವವರಿಗೆ ಇದರಿಂದ ಒಂದು ತೊಂದರೆ ಉಳಿದಿದೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಪ್ರತಿಗಳಲ್ಲಿ ಹೆಚ್ಚಿನವು ನಕಲಿನ ನಕಲು. 1986ರಲ್ಲಿ ಬಣ್ಣ ಬಳಿದ ಆವೃತ್ತಿಯಲ್ಲಂತೂ ಹೆಣಗಳು ಹಸಿರು. ಮೂಲ ನೆಗೆಟಿವ್‌ನಿಂದ ಮಾಡಿ 2016ರಲ್ಲಿ ತೋರಿಸಿದ 4ಕೆ ಪುನರುಜ್ಜೀವಿತ ಪ್ರತಿಯನ್ನೇ ಹುಡುಕಿ. ನಿಮ್ಮ ಕೈಗೆ ಸಿಕ್ಕಿದ್ದು ಯಾವುದೆಂದು ತಿಳಿಯಲು ನೇರ ನೆಲಮಾಳಿಗೆಯ ದೃಶ್ಯಕ್ಕೆ ಹೋಗಿ: ಕೂಪರ್ ಮಗಳು ಕ್ಯಾರೆನ್ ಗಾರೆ ಕೆಲಸದ ಕರಣೆ ಹಿಡಿದು ಅಮ್ಮನತ್ತ ಬರುವಾಗ ಅವಳ ಹಿಂದಿನ ಗೋಡೆ ಕಾಣಬೇಕು. ಬರೀ ಕತ್ತಲೆ ಕಂಡರೆ ಬೇರೆ ಪ್ರತಿ ನೋಡಿ.