ಗೊತ್ತಿಲ್ಲದವರ ಜೊತೆ ನಗರ ಸುತ್ತೋಕೆ ಯಾಕೆ ಹೋಗ್ತೀರಿ?

ಈ ಪ್ರಶ್ನೆ ನನಗೆ ಹೊಸದಲ್ಲ. ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗಿದ್ರಿ ಅಂತ ಯಾರಾದರೂ ಕೇಳುತ್ತಾರೆ. ಒಂದು ಗುಂಪಿನ ಜೊತೆ ನಗರದೊಳಗೆ ಏಳೆಂಟು ಕಿಲೋಮೀಟರ್ ನಡೆದು ಬಂದೆ ಅನ್ನುತ್ತೇನೆ. ಗುಂಪಿನಲ್ಲಿ ಯಾರ್ಯಾರಿದ್ದರು ಅಂದರೆ ಅರ್ಧದಷ್ಟು ಜನರ ಹೆಸರು ನನಗೆ ಅವತ್ತೇ ಗೊತ್ತಾಗಿರುತ್ತದೆ. ಆಗ ಪ್ರಶ್ನೆ ಬರುತ್ತದೆ. ‘ಫೋನಲ್ಲಿ ಮ್ಯಾಪ್ ಇದೆ. ಕಾಲು ಗಟ್ಟಿ ಇದೆ. ಒಬ್ಬರೇ ಸುತ್ತಬಹುದಲ್ವಾ? ಗೊತ್ತಿಲ್ಲದವರ ಜೊತೆ ಯಾಕೆ?’

ಒಬ್ಬಳೇ ಸುತ್ತಬಹುದು. ವರ್ಷಗಟ್ಟಲೆ ಸುತ್ತಿದ್ದೇನೆ ಕೂಡ. ಆಗ ನಡೆಯೋದು ನನಗೆ ಯಾವತ್ತೂ ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ನಿಲ್ಲೋದು.

ಒಂದು ಹಳೆಯ ಮನೆ ಕಾಣುತ್ತದೆ ಅಂದುಕೊಳ್ಳಿ. ಮಹಡಿಯ ಕೆಳಗೆ ಕೆತ್ತನೆ ಮಾಡಿದ ಮರದ ತೊಲೆಗಳು, ಬಾಗಿಲ ಮೇಲೆ ಅರ್ಧ ಅಳಿಸಿಹೋದ ಇಸವಿ. ಅದನ್ನು ಓದೋಕೆ ಎರಡು ನಿಮಿಷ ಬೇಕು. ಆದರೆ ಅರ್ಧ ನಿಮಿಷ ಆಗುವಷ್ಟರಲ್ಲಿ ಕಾವಲುಗಾರ ಎದ್ದು ಬರುತ್ತಾನೆ, ಯಾರು ಬೇಕು ಅಂತ ಕೇಳುತ್ತಾನೆ. ಎದುರುಮನೆ ಕಿಟಕಿಯ ಪರದೆ ಸರಿಯುತ್ತದೆ. ಕೆಲಸವಿಲ್ಲದೆ ನಿಂತವರನ್ನು ಕಂಡರೆ ದೊಡ್ಡ ನಗರಕ್ಕೆ ಅನುಮಾನ. ನಿಂತವಳು ಹೆಂಗಸಾದರೆ ಇನ್ನೂ ಜಾಸ್ತಿ ಕಣ್ಣುಗಳು ಅವಳ ಮೇಲೆ. ಹಾಗಾಗಿ ನಾನು ಫೋನ್ ತೆಗೆದು ಯಾರಿಗೋ ಕಾಯುತ್ತಿರುವ ಹಾಗೆ ನಿಲ್ಲುತ್ತಿದ್ದೆ. ಹಾಗೆ ನಿಂತರೆ ಕಣ್ಣು ಮನೆಯ ಮೇಲಿರುತ್ತದೆ, ಮನಸ್ಸು ನೋಡುವವರ ಮೇಲಿರುತ್ತದೆ. ಏನೂ ಸರಿಯಾಗಿ ಕಾಣೋದಿಲ್ಲ.

ಇದು ನನ್ನೊಬ್ಬಳ ಸಮಸ್ಯೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇಂಗ್ಲಿಷ್ ಲೇಖಕಿ ವರ್ಜೀನಿಯಾ ವೂಲ್ಫ್ 1927ರಲ್ಲಿ ಚಳಿಗಾಲದ ಸಂಜೆಯ ಲಂಡನ್ ಸುತ್ತಾಟದ ಬಗ್ಗೆ ಒಂದು ಪ್ರಬಂಧ ಬರೆದಿದ್ದಾರೆ, ಅದರಲ್ಲಿ ಮನೆಯಿಂದ ಹೊರಬೀಳೋಕೆ ಅವರು ಕೊಡುವ ನೆಪ ಒಂದು ಪೆನ್ಸಿಲ್. ಪೆನ್ಸಿಲ್ ಕೊಳ್ಳಬೇಕು ಅಂತ ಹೇಳಿ ಊರೆಲ್ಲ ಅಲೆದು ಬರುತ್ತಾರೆ. ಅವರ ತಂದೆ ಲೆಸ್ಲಿ ಸ್ಟೀಫನ್ ಬಹಳ ನಡೆಯುವ ಮನುಷ್ಯ. 1879ರಲ್ಲಿ ಸ್ನೇಹಿತರನ್ನು ಕೂಡಿಸಿ ‘ಸಂಡೇ ಟ್ರ್ಯಾಂಪ್ಸ್’ ಅಂತ ಒಂದು ಗುಂಪು ಕಟ್ಟಿದ್ದರು. ಭಾನುವಾರಗಳಲ್ಲಿ ಲಂಡನ್ನಿನ ಹೊರವಲಯದ ಹಳ್ಳಿದಾರಿಗಳಲ್ಲಿ ಉದ್ದುದ್ದ ನಡೆಯೋದು ಆ ಗಂಡಸರ ಗುಂಪಿನ ಕೆಲಸ. ಅಪ್ಪನಿಗೆ ಗುಂಪು ಇತ್ತು, ನೆಪ ಬೇಕಾಗಿರಲಿಲ್ಲ. ಮಗಳಿಗೆ ಪೆನ್ಸಿಲ್ ಬೇಕಾಯಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ದಿನ ನನ್ನ ಉತ್ತರ ನನಗೆ ಸಿಕ್ಕಿತು. ಗುಂಪು ನನಗೆ ಆ ಪೆನ್ಸಿಲ್ ಇದ್ದ ಹಾಗೆ.

ಹನ್ನೆರಡು ಜನ ಒಂದು ಮನೆಯ ಮುಂದೆ ನಿಂತು ಮೇಲೆ ನೋಡುತ್ತಿದ್ದರೆ ಯಾರೂ ಯಾರು ಬೇಕು ಅಂತ ಕೇಳೋದಿಲ್ಲ. ಏನು ನೋಡ್ತಿದ್ದೀರಿ ಅಂತ ಕೇಳುತ್ತಾರೆ. ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ದೂರ ಇದೆ ನೋಡಿ. ಒಮ್ಮೆ ಹೀಗೇ ಕೇಳಿದ ಒಬ್ಬ ವಯಸ್ಸಾದ ಕಾವಲುಗಾರರು, ನಾವು ಮುಂದಿನ ಗೋಡೆ ನೋಡುತ್ತಿದ್ದೇವೆ ಅಂದಾಗ, ಮುಂದೆ ಏನಿದೆ, ಹಿಂದೆ ಬನ್ನಿ ಅಂತ ಕರೆದುಕೊಂಡು ಹೋದರು. ಹಿಂದೆ ಮುಚ್ಚಿದ ಬಾವಿ ಇತ್ತು. ಅದರ ಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳು ಬೆರಳು ಹೋಗುವಷ್ಟು ಆಳ. ಒಬ್ಬೊಬ್ಬರೇ ಬಗ್ಗಿ ಆ ಗೀರಿನಲ್ಲಿ ಬೆರಳಿಟ್ಟು ನೋಡಿದೆವು. ಆ ಬೀದಿಯಲ್ಲಿ ನಾನು ಅದಕ್ಕೆ ಮುಂಚೆ ಹತ್ತಾರು ಸಲ ಒಬ್ಬಳೇ ಹೋಗಿದ್ದೆ.

ಗುಂಪಿನಲ್ಲಿ ಕಣ್ಣು ಜಾಸ್ತಿ ಅನ್ನೋದು ಸುಲಭವಾಗಿ ಗೊತ್ತಾಗುವ ಮಾತು. ಆದರೆ ಅವು ಬೇರೆ ಬೇರೆ ಕಣ್ಣು ಅನ್ನೋದು ನಡೆದಾಗ ಮಾತ್ರ ಅರ್ಥವಾಗುತ್ತದೆ. ಕಟ್ಟಡದ ಕೆಲಸ ಮಾಡುವವರು ಇಟ್ಟಿಗೆಯ ಸಾಲು ನೋಡಿ ಈ ಮಹಡಿ ಆಮೇಲೆ ಏರಿಸಿದ್ದು ಅನ್ನುತ್ತಾರೆ. ಗಿಡಮರ ಗೊತ್ತಿದ್ದವರು ರಸ್ತೆಬದಿಯ ಮರದ ಸುತ್ತಳತೆ ನೋಡಿ, ರಸ್ತೆಗಿಂತ ಇದಕ್ಕೇ ವಯಸ್ಸು ಜಾಸ್ತಿ ಇರಬೇಕು ಅನ್ನುತ್ತಾರೆ. ಅಮ್ಮನ ಜೊತೆ ಬಂದಿದ್ದ ಒಂಬತ್ತು ವರ್ಷದ ಹುಡುಗನೊಬ್ಬ ದಾರಿಯುದ್ದಕ್ಕೂ ಚರಂಡಿ ಮುಚ್ಚಳಗಳ ಮೇಲಿನ ಅಕ್ಷರಗಳನ್ನು ಮಾತ್ರ ಓದಿದ. ಅವನಿಂದಾಗಿ ಈಗ ನಾನೂ ಓದುತ್ತೇನೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ನೇರ ರಸ್ತೆಗಳ ಮಧ್ಯೆ ಒಂದು ಓಣಿ ಸುಮ್ನೆ ಬಾಗಿದೆ ಅಂದರೆ ಅಲ್ಲಿ ನಿಂತು ಯೋಚಿಸಬೇಕು. ಅದು ಹಿಂದೆ ಹಳ್ಳ ಆಗಿರಬಹುದು, ಕೋಟೆ ಗೋಡೆ ಆಗಿರಬಹುದು, ಎರಡು ಊರುಗಳ ಗಡಿ ಆಗಿರಬಹುದು. ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ಗೆ ಹೆಸರು ಬಂದಿದ್ದು ಫ್ಲೀಟ್ ಅನ್ನುವ ನದಿಯಿಂದ. ಆ ನದಿ ಈಗ ನೆಲದ ಕೆಳಗೆ ಕೊಳವೆಯಲ್ಲಿ ಹರಿಯುತ್ತದೆ. ಕ್ಲರ್ಕನ್‌ವೆಲ್‌ನ ರೇ ಸ್ಟ್ರೀಟ್‌ನಲ್ಲಿ ರಸ್ತೆಯ ಒಂದು ಜಾಲರಿಗೆ ಕಿವಿ ಕೊಟ್ಟರೆ ಆ ನೀರಿನ ಸದ್ದು ಇವತ್ತಿಗೂ ಕೇಳುತ್ತದೆ. ನ್ಯೂಯಾರ್ಕ್‌ನ ವಾಲ್ ಸ್ಟ್ರೀಟ್ ಇರುವ ಕಡೆ ಡಚ್ಚರು 1653ರಲ್ಲಿ ಕಟ್ಟಿದ ಗೋಡೆ ನಿಜವಾಗಿಯೂ ಇತ್ತು. ವಿಯೆನ್ನಾದಲ್ಲಿ 1857ರಲ್ಲಿ ಚಕ್ರವರ್ತಿ ಕೋಟೆ ಗೋಡೆ ಕೆಡವಿಸಲು ಆಜ್ಞೆ ಕೊಟ್ಟರು, ಆ ಜಾಗದಲ್ಲೇ ಇವತ್ತಿನ ವರ್ತುಲ ರಸ್ತೆ ರಿಂಗ್‌ಸ್ಟ್ರಾಸೆ ಇದೆ. ಇವನ್ನೆಲ್ಲ ಮನೆಯಲ್ಲಿ ಕೂತೂ ಓದಬಹುದು. ಆದರೆ ಬೇಸಿಗೆಯ ಬೆಳಿಗ್ಗೆ ಜಾಲರಿಯ ಹತ್ತಿರ ಮಂಡಿಯೂರಿ ನೀರಿನ ಸದ್ದು ಕೇಳುವುದು ಬೇರೆ. ಯಾವ ನಗರದಲ್ಲಾದರೂ ಒಬ್ಬರೇ ರಸ್ತೆ ಮಧ್ಯೆ ಮಂಡಿಯೂರೋದು ಕಷ್ಟ. ಜೊತೆಯಲ್ಲಿ ನಾಲ್ಕು ಜನ ಇದ್ದು, ಇಬ್ಬರು ಗಾಡಿ ಬರುತ್ತಾ ಅಂತ ನೋಡಿಕೊಳ್ಳುತ್ತಿದ್ದರೆ ಆಗುತ್ತದೆ.

ಮ್ಯಾಪ್ ಇದೆಯಲ್ಲ ಅನ್ನುವವರಿಗೂ ಒಂದು ಮಾತು. ನಾವು ದೊಡ್ಡ ನಗರವನ್ನು ತಿಳಿದುಕೊಳ್ಳುವುದು ಹೆಚ್ಚಾಗಿ ನಿಲ್ದಾಣಗಳ ಹೆಸರಿನಲ್ಲಿ. ಇಲ್ಲಿ ಹತ್ತಿದೆ, ಅಲ್ಲಿ ಇಳಿದೆ, ಮಧ್ಯದಲ್ಲಿ ಏನಿದೆಯೋ ಗೊತ್ತಿಲ್ಲ. ಲಂಡನ್ ಸುರಂಗ ರೈಲಿಗೆ ಹ್ಯಾರಿ ಬೆಕ್ ಮಾಡಿದ ನಕ್ಷೆ 1933ರಲ್ಲಿ ಜನರ ಕೈಗೆ ಬಂತು. ದೂರಗಳನ್ನು ಬಿಟ್ಟು, ಬರೀ ನೇರ ಗೆರೆ ಮತ್ತು ನಿಲ್ದಾಣಗಳ ಕ್ರಮ ಇಟ್ಟುಕೊಂಡ ನಕ್ಷೆ ಅದು. ರೈಲು ಬದಲಿಸೋಕೆ ಅದಕ್ಕಿಂತ ಒಳ್ಳೆಯದು ಇಲ್ಲ, ಎಷ್ಟೋ ನಗರಗಳ ಮೆಟ್ರೋ ನಕ್ಷೆಗಳು ಇವತ್ತಿಗೂ ಅದೇ ರೀತಿ ಇವೆ. ಆದರೆ ನಡೆಯುವವರ ನಗರ ಅದರಲ್ಲಿ ಇಲ್ಲ. ಅಲ್ಲಿನ ಲೆಸ್ಟರ್ ಸ್ಕ್ವೇರ್ ಮತ್ತು ಕೋವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಇರೋದು ಸುಮಾರು 260 ಮೀಟರ್, ಮೆಟ್ಟಿಲಿಳಿದು ರೈಲಿಗೆ ಕಾಯುವ ಹೊತ್ತಿಗೆ ನಡೆದು ಮುಟ್ಟಬಹುದು. ಕೊನೆಗೆ 2015ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆಯೇ ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ ಅಂತ ಇನ್ನೊಂದು ನಕ್ಷೆ ಮಾಡಿತು.

ನನಗೂ ಹೀಗೆ ಆಗಿದೆ. ಎರಡು ಬಡಾವಣೆಗಳು, ಎರಡೂ ಚೆನ್ನಾಗಿ ಗೊತ್ತು, ಒಂದಕ್ಕೆ ಹೋಗುವ ಬಸ್ಸು ಬೇರೆ ಇನ್ನೊಂದಕ್ಕೆ ಹೋಗುವ ಬಸ್ಸು ಬೇರೆ, ಹಾಗಾಗಿ ಅವು ನಗರದ ಎರಡು ತುದಿಯಲ್ಲಿವೆ ಅಂತಲೇ ನಾನು ನಂಬಿದ್ದೆ. ಒಂದು ವಾಕ್‌ನಲ್ಲಿ ರೈಲು ಹಳಿಯ ಕೆಳಗಿನ ಸಣ್ಣ ಸುರಂಗದಲ್ಲಿ ಹಾದು ಹತ್ತು ನಿಮಿಷದಲ್ಲಿ ಒಂದರಿಂದ ಇನ್ನೊಂದಕ್ಕೆ ಬಂದುಬಿಟ್ಟೆವು. ತಲೆಯೊಳಗಿನ ನಗರ ಅವತ್ತು ಮಡಚಿಕೊಂಡ ಹಾಗಾಯಿತು. ಆ ಸುರಂಗ ಮ್ಯಾಪ್‌ನಲ್ಲಿ ಇದೆ, ಆಮೇಲೆ ನೋಡಿದೆ. ಆದರೆ ಕತ್ತಲಾಗಿ, ಒದ್ದೆಯಾಗಿ ಇರುವ ಆ ದಾರಿಗೆ ನಾನು ಒಬ್ಬಳೇ ಕಾಲಿಡುತ್ತಿರಲಿಲ್ಲ.

ಇನ್ನು ಯಾವ ಗುಂಪು ಅನ್ನುವ ಪ್ರಶ್ನೆ. ಇದರಲ್ಲಿ ನನಗೆ ಸ್ಪಷ್ಟ ಅಭಿಪ್ರಾಯ ಇದೆ. ಒಬ್ಬರು ಮೈಕ್ ಹಿಡಿದು ಮಾತಾಡುತ್ತಾ, ಉಳಿದವರು ಹಿಂಬಾಲಿಸುವ ವಾಕ್‌ಗಳಿವೆ. ಮಾತಾಡುವವರು ತಿಳಿದವರಾದರೆ ಅದು ಚೆನ್ನಾಗಿಯೇ ಇರುತ್ತದೆ, ಇತಿಹಾಸ ಕಲಿಯೋಕೆ ಒಳ್ಳೆಯದು. ಆದರೆ ನನಗೆ ಹೆಚ್ಚು ಕೊಟ್ಟಿದ್ದು ಸರದಿಯ ಮೇಲೆ ಯಾರಾದರೂ ದಾರಿ ತೋರಿಸುವ, ನಡೆಯುವವರೂ ಮಾತಾಡುವ ಗುಂಪುಗಳು. ಜೇನ್ ಜೇಕಬ್ಸ್ ಅಂತ ಒಬ್ಬ ಲೇಖಕಿ ಇದ್ದರು. ನಗರ ಯೋಜನೆಯಲ್ಲಿ ಅವರಿಗೆ ಡಿಗ್ರಿ ಇರಲಿಲ್ಲ. ತಮ್ಮ ಬೀದಿಯನ್ನು ನೋಡಿ ನೋಡಿ, ಬೀದಿಯಲ್ಲಿ ಜನ ಓಡಾಡುತ್ತಾ ಇದ್ದರೆ ಅವರ ಕಣ್ಣುಗಳೇ ಬೀದಿಯನ್ನು ಕಾಯುತ್ತವೆ ಅಂತ 1961ರಲ್ಲೇ ಬರೆದರು. ನ್ಯೂಯಾರ್ಕ್‌ನಲ್ಲಿ ಜನರ ಬಡಾವಣೆಗಳನ್ನು ಸೀಳಿಕೊಂಡು ಹೋಗಬೇಕಿದ್ದ ಹೆದ್ದಾರಿಯ ವಿರುದ್ಧ ಹೋರಾಡಿದರು. 1968ರಲ್ಲಿ ಟೊರೊಂಟೊಗೆ ಹೋಗಿ ನೆಲೆಸಿದರು. 2006ರಲ್ಲಿ ಅವರು ತೀರಿಕೊಂಡ ಮೇಲೆ, ಮರುವರ್ಷ ಅವರ ನೆನಪಿಗೆ ಟೊರೊಂಟೊದ ಸ್ನೇಹಿತರು ‘ಜೇನ್ಸ್ ವಾಕ್’ ಶುರು ಮಾಡಿದರು. ಈಗ ಮೇ ತಿಂಗಳ ಮೊದಲ ವಾರಾಂತ್ಯದ ಸುತ್ತ ಬೇರೆ ಬೇರೆ ದೇಶಗಳ ನಗರಗಳಲ್ಲಿ ಅದು ನಡೆಯುತ್ತದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಯಾರು ಬೇಕಾದರೂ ತಮ್ಮ ಬೀದಿಯನ್ನು ನಾಲ್ಕು ಜನಕ್ಕೆ ತೋರಿಸಬಹುದು, ಪಂಡಿತರೇ ಆಗಬೇಕಿಲ್ಲ. ಅಲ್ಲೇ ಇಪ್ಪತ್ತು ವರ್ಷ ಬಾಳಿದವರಿಗೆ ಹೇಳೋಕೆ ಏನೂ ಇಲ್ಲ ಅಂತ ಆಗುತ್ತಾ?

ಗುಂಪು ಎಷ್ಟು ದೊಡ್ಡದು ಅನ್ನೋದನ್ನು ಮೊದಲೇ ಕೇಳಿ. ಹತ್ತು ಹದಿನೈದು ಜನ ಸಾಕು. ಮೂವತ್ತು ದಾಟಿದರೆ ಹಿಂದಿನವರಿಗೆ ಮಾತು ಕೇಳೋದಿಲ್ಲ, ಫುಟ್‌ಪಾತ್ ಪೂರ್ತಿ ತುಂಬಿ ಬೇರೆಯವರು ರಸ್ತೆಗೆ ಇಳಿದು ನಡೆಯಬೇಕಾಗುತ್ತದೆ, ಅದು ಸರಿಯಲ್ಲ. ಒಂದು ಸಿಗ್ನಲ್‌ನಲ್ಲಿ ಎಲ್ಲರೂ ದಾಟೋಕೂ ಆಗೋದಿಲ್ಲ. ಒಮ್ಮೆ ನಾನು ಹೋಗಿದ್ದ ದೊಡ್ಡ ಗುಂಪೊಂದು ಹೀಗೇ ಸಿಗ್ನಲ್‌ನಲ್ಲಿ ಎರಡಾಯಿತು. ಮುಂದಿದ್ದವರು ಹಿಂದೆ ತಿರುಗಿ ನೋಡಲೇ ಇಲ್ಲ. ನಾವು ಆರು ಜನ ಗೊತ್ತಿಲ್ಲದ ಮಾರುಕಟ್ಟೆಯಲ್ಲಿ ಮುಕ್ಕಾಲು ಗಂಟೆ ಹುಡುಕಾಡಿದೆವು. ಜೊತೆಯಲ್ಲಿದ್ದ ವಯಸ್ಸಾದ ಒಬ್ಬರು ದಣಿದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮತ್ತೆ ಯಾವ ವಾಕ್‌ಗೂ ಬರೋದಿಲ್ಲ ಅಂದರು. ನನಗೆ ಇವತ್ತಿಗೂ ಅದು ಬೇಜಾರು. ಅವರು ಅವತ್ತು ಮೊದಲ ಸಲ ಬಂದಿದ್ದರು.

ಅವತ್ತಿನಿಂದ ನಾನು ಯಾವುದೇ ಗುಂಪಿಗೆ ಕೇಳುವ ಮೊದಲ ಪ್ರಶ್ನೆ, ಕೊನೆಯಲ್ಲಿ ಯಾರು ನಡೆಯುತ್ತಾರೆ? ಒಳ್ಳೆಯ ಗುಂಪಿನಲ್ಲಿ ಇದಕ್ಕೆ ಅಂತಲೇ ಒಬ್ಬರು ಇರುತ್ತಾರೆ. ಎಲ್ಲರಿಗಿಂತ ಹಿಂದೆ ಅವರು. ಅವರು ದಾಟುವ ತನಕ ಮುಂದಿನವರು ಕಾಯುತ್ತಾರೆ. ದಾರಿ ತೋರಿಸುವವರಿಗಿಂತ ಇವರೇ ಮುಖ್ಯ ಅಂತ ನಾನು ನಂಬುತ್ತೇನೆ.

ವೇಗದ ಬಗ್ಗೆ ಸುಮ್ಮನೆ ಹೆದರುತ್ತಾರೆ. ನಾವು ಮಾಮೂಲಿಯಾಗಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತೇವೆ. ನಿಂತು, ನೋಡಿ, ಮಾತಾಡುವ ಗುಂಪು ಎರಡೂವರೆ ಕಿಲೋಮೀಟರ್ ನಡೆದರೆ ಹೆಚ್ಚು. ಹಾಗಾಗಿ ಏಳೆಂಟು ಕಿಲೋಮೀಟರ್‌ಗೆ ಮೂರು ಗಂಟೆ ಇಟ್ಟುಕೊಳ್ಳಿ. ಕಾಲಿಗೆ ಹಳೆಯ, ಒಗ್ಗಿದ ಶೂ ಇರಲಿ, ಹೊಸದು ಬೇಡ. ನೀರು ಒಯ್ಯಿರಿ. ಮುಗಿಯುವ ಜಾಗ ಬಸ್ಸಿಗೋ ಮೆಟ್ರೋಗೋ ಹತ್ತಿರ ಇದೆಯಾ, ಮಧ್ಯದಲ್ಲಿ ಬಿಟ್ಟು ಹೋಗೋಕೆ ದಾರಿ ಇದೆಯಾ ಅಂತ ಕೇಳಿಕೊಳ್ಳಿ.

ಇನ್ನೊಂದು ವಿಷಯಕ್ಕೆ ನಾನು ಸ್ವಲ್ಪ ಕಟ್ಟುನಿಟ್ಟು. ನಾವು ನೋಡೋಕೆ ಹೋಗುವ ಓಣಿ ಯಾರದೋ ಮನೆಯಂಗಳ. ಗುಂಪು ಕೊಡುವ ಧೈರ್ಯ ಅಲ್ಲಿ ಜಾಸ್ತಿಯಾಗಬಾರದು. ಬಾಗಿಲಲ್ಲಿ ಕೂತವರ ಫೋಟೋ ಕೇಳದೆ ತೆಗೆಯೋದು, ಬಡವರ ಮನೆಯೊಳಗೆ ಇಣುಕಿ ‘ಎಷ್ಟು ಚಂದ’ ಅನ್ನೋದು, ಬೆಳಿಗ್ಗೆ ಏಳಕ್ಕೆ ಕಿಟಕಿ ಕೆಳಗೆ ಜೋರಾಗಿ ನಗೋದು, ಇದನ್ನೆಲ್ಲ ಮಾಡುವ ಗುಂಪಿನಿಂದ ನಾನು ಅರ್ಧಕ್ಕೇ ವಾಪಸ್ ಬಂದಿದ್ದೇನೆ.

ಜೊತೆಗಾರರ ವಿಷಯ. ಗೊತ್ತಿಲ್ಲದವರ ಜೊತೆ ಏನು ಮಾತಾಡೋದು ಅಂತ ಕೇಳುತ್ತಾರೆ. ಎದುರುಬದುರು ಕೂತರೆ ಕಷ್ಟ ಆಗಬಹುದು, ಪಕ್ಕಪಕ್ಕ ನಡೆದರೆ ಆಗೋದಿಲ್ಲ. ಮುಖ ನೋಡಬೇಕಿಲ್ಲ, ಮಾತು ನಿಂತರೆ ರಸ್ತೆ ಇದೆ. ಪ್ರತಿ ಸಿಗ್ನಲ್ ದಾಟಿದ ಮೇಲೆ ಪಕ್ಕದವರು ಬದಲಾಗಿರುತ್ತಾರೆ. ಮಾತು ಬೇಡ ಅನ್ನಿಸಿದ ದಿನ ಪೂರ್ತಿ ಸುಮ್ಮನೆ ನಡೆದಿದ್ದೇನೆ, ಯಾರೂ ಏನೂ ಅನ್ನಲಿಲ್ಲ.

ಹಾಗಾದರೆ ಒಬ್ಬಳೇ ಹೋಗೋದು ಬಿಟ್ಟೆನಾ? ಇಲ್ಲ. ಗುಂಪಿನ ಜೊತೆ ಹೋದ ಬೀದಿಗೆ ಒಂದೆರಡು ವಾರ ಬಿಟ್ಟು ಒಬ್ಬಳೇ ಹೋಗುತ್ತೇನೆ. ಆಗ ನಿಲ್ಲೋಕೆ ಭಯ ಇರೋದಿಲ್ಲ. ಬಾವಿ ತೋರಿಸಿದ ಆ ಕಾವಲುಗಾರರು ಈಗ ನನ್ನನ್ನು ಕಂಡರೆ ಕುರ್ಚಿಯಿಂದ ಏಳೋದಿಲ್ಲ, ಕೂತಲ್ಲಿಂದಲೇ ಕೈ ಎತ್ತುತ್ತಾರೆ.

ಮೊದಲ ಸಲ ಹೋಗುವವರು ಕೊನೆಯಲ್ಲಿ ನಡೆಯುವವರ ಪಕ್ಕ ಇರಿ. ಅವರಿಗೆ ಅವಸರ ಇರೋದಿಲ್ಲ, ನಿಮಗೆ ಏನಾದರೂ ನೋಡಬೇಕು ಅನ್ನಿಸಿದರೆ ಅವರೂ ನಿಲ್ಲುತ್ತಾರೆ. ನನ್ನ ಗುಂಪಿನಲ್ಲಿ ಹೆಚ್ಚಿನ ವಾರ ಆ ಕೆಲಸ ನಾನೇ ಕೇಳಿ ತೆಗೆದುಕೊಳ್ಳುತ್ತೇನೆ.